ಡಬ್ಬಿ ತುಂಬಿದ ರಾತ್ರಿ: ಕೊಪ್ಪಳದ ಒಂದು ಮಾಸ್ಟೊಡಾನ್ ಸರ್ವರಿನ ದುರಸ್ತಿ ದಿನಚರಿ

2025ರ ಏಪ್ರಿಲ್ 12, ಶನಿವಾರ. ಅಂದು ಹನುಮ ಜಯಂತಿ. ರಾತ್ರಿ 9 ಗಂಟೆ 40 ನಿಮಿಷಕ್ಕೆ ಗಂಗಾವತಿಯ ಮೇಷ್ಟ್ರೊಬ್ಬರಿಂದ ಫೋನಿಗೆ ಸಂದೇಶ ಬಂತು: "ಸರ, ಅಂಜನಾದ್ರಿ ಫೋಟೋ ಒಂದೂ ಹೋಗವಲ್ವು. ನನ್ನ ಫೋನ್ ಕೆಟ್ಟೈತೋ, ನಿಮ್ಮ ಡಬ್ಬಿ ತುಂಬೈತೋ, ಒಂದೀಟು ನೋಡ್ರಿ." ಅವರ ಎರಡನೆಯ ಊಹೆಯೇ ನಿಜವಾಗಿತ್ತು.

ಶಾಸನ, ಗುಡಿ, ಕೋಟೆಗಳ ಚಿತ್ರ ತೆಗೆಯುವ ಹವ್ಯಾಸವುಳ್ಳ ನಾವು 43 ಮಂದಿ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದೇವೆ. 2023ರ ಸೆಪ್ಟೆಂಬರಿನಲ್ಲಿ ನಮಗಾಗಿಯೇ ಒಂದು ಮಾಸ್ಟೊಡಾನ್ ಸರ್ವರ್ ನಿಲ್ಲಿಸಿಕೊಂಡೆವು. ಮಾಸ್ಟೊಡಾನ್ ಎಂದರೆ ಒಂದಕ್ಕೊಂದು ಮಾತನಾಡುವ ಬೇರೆ ಬೇರೆ ಸರ್ವರುಗಳ ಮೇಲೆ ನಡೆಯುವ ಸಾಮಾಜಿಕ ಜಾಲದ ಸಾಫ್ಟ್‌ವೇರ್. ಯಂತ್ರ ಬಾಡಿಗೆಯದು, ಎರಡು ಸಿಪಿಯು, 4 ಜಿ.ಬಿ. ಮೆಮೊರಿ, 80 ಜಿ.ಬಿ. ಡಿಸ್ಕ್. ತಿಂಗಳ ಬಾಡಿಗೆ 900 ರೂಪಾಯಿಯನ್ನು 18 ಜನ ತಲಾ 50ರಂತೆ ಹಾಕಿ ಕಟ್ಟುತ್ತಾರೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಹಗಲಿನ ನೌಕರಿ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಮಾಡುವಂಥದು. ಈ ದಿನಚರಿಯನ್ನು ಮುಖ್ಯವಾಗಿ ನನ್ನ ಅನಂತರ ಈ ಯಂತ್ರವನ್ನು ನೋಡಿಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ. ಇಂಥದೇ ಸಣ್ಣ ಸರ್ವರ್ ನಡೆಸುವ ಬೇರೆಯವರಿಗೂ ಇದರಲ್ಲಿ ಒಂದೆರಡು ಅಂಶ ಉಪಯೋಗಕ್ಕೆ ಬಂದೀತು.

ಮೊದಲ ರಾತ್ರಿ

ಸರ್ವರಿಗೆ ಲಾಗಿನ್ ಆಗಿ ಡಿಎಫ್ ಆದೇಶ ಕೊಟ್ಟಾಗ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎಂದು ತೋರಿಸಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಂತಿತ್ತು. ಡೇಟಾಬೇಸ್ ತನ್ನ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ದಾಖಲೆ ಕಡತದಲ್ಲಿ ಬರೆದುಕೊಳ್ಳುತ್ತದೆ. ಆ ಕಡತಕ್ಕೇ ಜಾಗವಿಲ್ಲದಾದಾಗ ಮುಂದೆ ಹೋಗುವುದಕ್ಕಿಂತ ನಿಂತುಬಿಡುವುದೇ ಕ್ಷೇಮವೆಂದು ಅದು ನಿಲ್ಲುತ್ತದೆ. ತುರ್ತು ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ರೆಡಿಸ್ ಕೂಡ ತನ್ನ ನಕಲನ್ನು ಡಿಸ್ಕಿಗೆ ಉಳಿಸಲಾಗದೆ, ಹೊಸದೇನನ್ನೂ ಬರೆಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಿತ್ತು. ಎರಡೂ ಸರಿಯಾಗಿಯೇ ನಡೆದುಕೊಂಡಿದ್ದವು. ತಪ್ಪಾಗಿದ್ದದ್ದು ನನ್ನಿಂದ, ಮೂರು ತಿಂಗಳಿನಿಂದ ಡಿಸ್ಕಿನ ಕಡೆ ಕಣ್ಣು ಹಾಯಿಸಿರಲಿಲ್ಲ.

ಇಲ್ಲಿ ಒಂದು ಇಕ್ಕಟ್ಟಿದೆ. ಮಾಸ್ಟೊಡಾನ್ ಜೊತೆಗೆ ಬರುವ ಟೂಟ್‌ಸಿಟಿಎಲ್ ಎಂಬ ಉಪಕರಣದಿಂದ ಹಳೆಯ ಮಾಧ್ಯಮ ಕಡತಗಳನ್ನು ಅಳಿಸಬಹುದು. ಆದರೆ ಯಾವ ಕಡತವನ್ನು ಅಳಿಸಬೇಕೆಂದು ಆ ಉಪಕರಣ ಡೇಟಾಬೇಸನ್ನೇ ಕೇಳಬೇಕು, ಡೇಟಾಬೇಸ್ ಏಳಬೇಕಾದರೆ ಡಿಸ್ಕಿನಲ್ಲಿ ಜಾಗ ಬೇಕು. ಮನೆ ಗುಡಿಸಲಿಕ್ಕೂ ಮೊದಲು ಕಾಲಿಡುವಷ್ಟು ತೆರಪು ಇರಬೇಕಲ್ಲ, ಹಾಗೆ.

ಆ ಗಡಿಬಿಡಿಯಲ್ಲಿ ನಾನು ಮಾಡಿದ್ದು ಮಾಡಬಾರದ ಕೆಲಸ. ಹೊರಗಿನ ಸರ್ವರುಗಳಿಂದ ತಂದ ನಕಲುಗಳಿರುವ ಕ್ಯಾಶ್ ಎಂಬ ಫೋಲ್ಡರಿನೊಳಗೆ, ಹೊರಗಿನ ಖಾತೆಗಳ ಮುಖಪುಟದ ಪಟ್ಟಿಚಿತ್ರಗಳಿಗೆ (ನೆತ್ತಿಯ ಮೇಲಿನ ಅಗಲ ಚಿತ್ರಗಳಿಗೆ) ಒಂದು ಒಳಫೋಲ್ಡರ್ ಇರುತ್ತದೆ. "ಇವು ಹೋದರೆ ಯಾರಿಗೇನು" ಎಂದುಕೊಂಡು ಆ ಇಡೀ ಒಳಫೋಲ್ಡರನ್ನು ಆರ್‌ಎಂ ಆದೇಶದಿಂದ ನೇರವಾಗಿ ಅಳಿಸಿಬಿಟ್ಟೆ. ಒಮ್ಮೆಲೇ 6 ಜಿ.ಬಿ. ಬಿಡುವಾಯಿತು, ಡೇಟಾಬೇಸ್ ಎದ್ದಿತು, ಹನ್ನೊಂದರ ಹೊತ್ತಿಗೆ ಮೇಷ್ಟ್ರ ಅಂಜನಾದ್ರಿಯ ಚಿತ್ರಗಳೂ ಏರಿದವು. ಬೆಳಿಗ್ಗೆ ನೋಡಿದರೆ ಹೊರಗಿನ ಸಾವಿರಾರು ಖಾತೆಗಳ ನೆತ್ತಿಯ ಮೇಲೆ ಒಡೆದ ಚಿತ್ರದ ಗುರುತು. ಕಡತ ಹೋಗಿದ್ದರೂ ಡೇಟಾಬೇಸಿನಲ್ಲಿ "ಕಡತ ಇದೆ" ಎಂಬ ನಮೂದು ಹಾಗೆಯೇ ಉಳಿದಿತ್ತು. ಇದೆ ಎಂದು ಬರೆದಿರುವವರೆಗೆ ಸಾಫ್ಟ್‌ವೇರ್ ಅದನ್ನು ಮತ್ತೆ ತರಲು ಹೋಗುವುದಿಲ್ಲ.

ನಾನು ಮರೆತಿದ್ದ ಸರಿಯಾದ ಉಪಾಯ ಮರುದಿನ ನೆನಪಾಯಿತು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ರೂಪಿಸುವಾಗ ಡಿಸ್ಕಿನ ಶೇಕಡಾ 5ರಷ್ಟನ್ನು ರೂಟ್ ಎಂಬ ಮುಖ್ಯ ಆಡಳಿತ ಬಳಕೆದಾರನಿಗೆಂದು ತಾನಾಗಿಯೇ ಕಾದಿರಿಸಲಾಗುತ್ತದೆ. ನಮ್ಮ 80 ಜಿ.ಬಿ.ಯಲ್ಲಿ ಅದು 4 ಜಿ.ಬಿ. ಡೇಟಾಬೇಸ್ ರೂಟ್ ಹೆಸರಿನಲ್ಲಿ ಓಡುವುದಿಲ್ಲವಾದ್ದರಿಂದ ಆ ಜಾಗ ಅದಕ್ಕೆ ಸಿಗುವುದಿಲ್ಲ. ಟ್ಯೂನ್‌ಟುಎಫ್‌ಎಸ್ ಆದೇಶದಿಂದ ಈ ಮೀಸಲನ್ನು ಶೇಕಡಾ 2ಕ್ಕೆ ಇಳಿಸಿದ್ದರೆ ಸರ್ವರನ್ನು ನಿಲ್ಲಿಸದೆಯೇ 2.4 ಜಿ.ಬಿ. ಕೈಗೆ ಬರುತ್ತಿತ್ತು, ಜರ್ನಲ್‌ಸಿಟಿಎಲ್ ಮೂಲಕ ವ್ಯವಸ್ಥೆಯ ಲಾಗ್‌ಗಳನ್ನು 200 ಎಂ.ಬಿ.ಗೆ ಕುಗ್ಗಿಸಿದ್ದರೆ ಇನ್ನೂ ಎರಡೂವರೆ ಜಿ.ಬಿ. ಅಷ್ಟರಲ್ಲಿ ಡೇಟಾಬೇಸನ್ನು ಎಬ್ಬಿಸಿ ಉಳಿದದ್ದನ್ನು ಟೂಟ್‌ಸಿಟಿಎಲ್‌ಗೆ ಬಿಡಬಹುದಿತ್ತು. ಎರಡನ್ನೂ ಮರುದಿನ ಮಾಡಿದೆ.

ಲೆಕ್ಕ

ಭಾನುವಾರ ಬೆಳಿಗ್ಗೆ ಚಹಾ ಹಿಡಿದುಕೊಂಡು ಕುಳಿತವನು ಮೊದಲು ಬರೆಯಲು ಹೊರಟದ್ದು ಸದಸ್ಯರಿಗೆ ಒಂದು ಸೂಚನೆ: "ಇನ್ನು ಮುಂದೆ ದಿನಕ್ಕೆ ತಲಾ ಎರಡೇ ಚಿತ್ರ." ಕಳಿಸುವ ಮೊದಲು ಅಳೆದು ನೋಡೋಣವೆಂದು ಟೂಟ್‌ಸಿಟಿಎಲ್‌ನ ಮೀಡಿಯಾ ಯೂಸೇಜ್ ಆದೇಶ ಕೊಟ್ಟೆ; ಡಿಯು ಆದೇಶದಿಂದ ಫೋಲ್ಡರುಗಳನ್ನೂ ಒಂದೊಂದಾಗಿ ಅಳೆದೆ. ಹಿಂದಿನ ರಾತ್ರಿ ಅಳಿಸಿದ್ದನ್ನೂ ಸೇರಿಸಿದರೆ ಲೆಕ್ಕ ಹೀಗೆ ಬಂತು. ಕಾರ್ಯಾಚರಣ ವ್ಯವಸ್ಥೆ ಮತ್ತು ಸಾಫ್ಟ್‌ವೇರಿಗೆ 8 ಜಿ.ಬಿ., ಡೇಟಾಬೇಸಿಗೆ 9, ಲಾಗ್‌ಗಳಿಗೆ 3. ನಮ್ಮ 43 ಸದಸ್ಯರು 19 ತಿಂಗಳಲ್ಲಿ ಹಾಕಿದ ಎಲ್ಲ ಚಿತ್ರ, ವಿಡಿಯೊ, ಧ್ವನಿಗಳೂ ಸೇರಿ 6.4 ಜಿ.ಬಿ. ಕ್ಯಾಶ್ ಫೋಲ್ಡರ್ ಒಂದೇ 49 ಜಿ.ಬಿ. ಅದರೊಳಗೆ ಹೊರಗಿನವರ ಪೋಸ್ಟುಗಳ ಚಿತ್ರ ಮತ್ತು ವಿಡಿಯೊ 31, ಹೊರಗಿನ ಖಾತೆಗಳ ಮುಖಚಿತ್ರ ಮತ್ತು ಪಟ್ಟಿಚಿತ್ರ 11, ಕೊಂಡಿಗಳ ಜೊತೆ ತೋರುವ ಮುನ್ನೋಟದ ಚಿತ್ರ 7.

ಸೂಚನೆಯನ್ನು ಹರಿದು ಹಾಕಿದೆ. ಮನೆಯವರು ಎರಡು ರೊಟ್ಟಿ ಹೆಚ್ಚಿಗೆ ತಿಂದರೆಂದು ಗೊಣಗುತ್ತ ಕುಳಿತವನಿಗೆ ಪಡಸಾಲೆಯ ತುಂಬ ಮಂದಿಯ ಗಂಟುಗಳೇ ಬಿದ್ದಿರುವುದು ಕಂಡಿರಲಿಲ್ಲ.

ಹೊರಗಿನವರ ಚಿತ್ರ ನಮ್ಮ ಡಿಸ್ಕಿನಲ್ಲಿ ಏಕಿರಬೇಕು ಎಂದು ಸದಸ್ಯರು ಕೇಳಿದರು; ಕೇಳಬೇಕಾದ ಪ್ರಶ್ನೆಯೇ ಅದು. ಮಾಸ್ಟೊಡಾನ್ ಮಾತನಾಡುವ ಆಕ್ಟಿವಿಟಿಪಬ್ ಎಂಬ ಒಡಂಬಡಿಕೆ 2018ರ ಜನವರಿಯಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸ್ಸಾಯಿತು. ಅದರ ಪ್ರಕಾರ ಒಂದು ಪೋಸ್ಟ್ ಬಂದಾಗ ಅದರೊಳಗೆ ಚಿತ್ರವೇ ಬರುವುದಿಲ್ಲ, ಚಿತ್ರದ ವಿಳಾಸ ಮಾತ್ರ ಬರುತ್ತದೆ. ಆ ವಿಳಾಸದಿಂದ ಚಿತ್ರವನ್ನು ಇಳಿಸಿಕೊಂಡು, ಒಂದು ಚಿಕ್ಕ ಪ್ರತಿಯನ್ನೂ ಮಾಡಿ, ತನ್ನಲ್ಲೇ ಇಟ್ಟುಕೊಂಡು ಸದಸ್ಯರಿಗೆ ತೋರಿಸುವುದು ಮಾಸ್ಟೊಡಾನ್‌ನ ಕ್ರಮ. ಇದರಿಂದ ನಮ್ಮ ಓದುಗನ ಐಪಿ ವಿಳಾಸ ಗೊತ್ತುಗುರಿಯಿಲ್ಲದ ಸರ್ವರಿಗೆ ತಿಳಿಯುವುದಿಲ್ಲ. ಚಿತ್ರ ಹಾಕಿದವನ ಬಡ ಸರ್ವರಿನ ಮೇಲೂ ಪ್ರತಿಯೊಬ್ಬ ಓದುಗನ ಹೊರೆ ಬೀಳದೆ, ಒಂದು ಊರಿಗೆ ಒಂದು ಪ್ರತಿಯಂತೆ ಹಂಚಿಹೋಗುತ್ತದೆ. ಕ್ರಮ ಒಳ್ಳೆಯದು. ಆದರೆ ಇಟ್ಟುಕೊಂಡದ್ದನ್ನು ಎಂದು ಬಿಸಾಡಬೇಕೆಂದು ಹೇಳುವ ಖಾನೆ ನಮ್ಮ ಆಡಳಿತ ಪುಟದಲ್ಲಿ ಖಾಲಿಯಿತ್ತು, ಮತ್ತು ಖಾಲಿ ಎಂದರೆ ಎಂದೆಂದಿಗೂ ಬಿಸಾಡಬೇಡ ಎಂದರ್ಥ.

ಇದರ ಮೇಲೆ ನಾನೇ ಎಳೆದುಕೊಂಡದ್ದು ಇನ್ನೊಂದಿತ್ತು. ಹಿಂದಿನ ಡಿಸೆಂಬರಿನಲ್ಲಿ, ನಮ್ಮ ಸರ್ವರ್ ತೀರ ಬಣಗುಡುತ್ತಿದೆಯೆಂದು, ಒಂದು ರಿಲೇಗೆ ಸೇರಿಸಿದ್ದೆ. ರಿಲೇ ಎಂದರೆ ಅದಕ್ಕೆ ಸೇರಿದ ಸರ್ವರುಗಳ ಸಾರ್ವಜನಿಕ ಪೋಸ್ಟುಗಳನ್ನೆಲ್ಲ, ಯಾರೂ ಹಿಂಬಾಲಿಸದಿದ್ದರೂ, ಎಲ್ಲರಿಗೂ ಹರಿಸುವ ಕಾಲುವೆ. ಮೇಲಿನವರು ಬಿಟ್ಟಷ್ಟೂ ನೀರು ಕೊನೆಯ ಹೊಲಕ್ಕೂ ನುಗ್ಗುತ್ತದೆ. ತುಂಗಭದ್ರೆಯ ಎಡದಂಡೆಯಲ್ಲಿ ಹಾಗಾಗುವುದಿಲ್ಲ, ಇಲ್ಲಿ ಆಗುತ್ತದೆ. ರಿಲೇ ಸೇರಿದ ಮೇಲೆ ದಿನಕ್ಕೆ ಸುಮಾರು 170 ಎಂ.ಬಿ. ಮಾಧ್ಯಮ ಒಳಗೆ ಬರುತ್ತಿತ್ತು. ರಿಲೇ ಬಿಟ್ಟ ವಾರದಲ್ಲಿ ಅದು 30ರ ಆಸುಪಾಸಿಗೆ ಇಳಿಯಿತು. ಪರಭಾಷೆಯ ಬೆಕ್ಕಿನ ಚಿತ್ರಗಳು ಕಾಣುತ್ತಿಲ್ಲವೆಂದು ಈವರೆಗೆ ಒಬ್ಬರೂ ದೂರಿಲ್ಲ.

ಗುಡಿಸಿದ ಕ್ರಮ

ಮೊದಲು ಆಡಳಿತ ಪುಟದಲ್ಲಿ ಮಾಧ್ಯಮ ಕ್ಯಾಶಿನ ಅವಧಿಯನ್ನು 7 ದಿನವೆಂದು ತುಂಬಿದೆ. ಅದರ ಪಕ್ಕದಲ್ಲೇ ಇರುವ ವಿಷಯ ಕ್ಯಾಶಿನ ಖಾನೆಯನ್ನು ಮಾತ್ರ ಮುಟ್ಟಬಾರದು. ಅದು ಹೊರಗಿನವರ ಪೋಸ್ಟುಗಳನ್ನೇ ಅಳಿಸುತ್ತದೆ, ನಮ್ಮ ಸದಸ್ಯರು ಗುರುತು ಹಾಕಿಟ್ಟವೂ ಮೆಚ್ಚಿದವೂ ಅದರೊಡನೆ ಹೋಗುತ್ತವೆ, ಹೋದವು ತಿರುಗಿ ಬರುವುದಿಲ್ಲ. ಎರಡು ಖಾನೆಗಳೂ ಅಕ್ಕಪಕ್ಕದಲ್ಲಿ, ಒಂದೇ ಬಗೆಯ ಹೆಸರಿನಲ್ಲಿ ಇರುವುದು ನನಗೆ ಸರಿಕಂಡಿಲ್ಲ. ಪುಟದಲ್ಲಿ ಎಚ್ಚರಿಕೆಯೇನೋ ಇದೆ, ಆದರೆ ರಾತ್ರಿ ಹನ್ನೊಂದಕ್ಕೆ ಎಚ್ಚರಿಕೆ ಓದುವವರು ಕಡಿಮೆ.

ಹಳೆಯ ರಾಶಿಯನ್ನು ಟೂಟ್‌ಸಿಟಿಎಲ್‌ನ ಮೀಡಿಯಾ ರಿಮೂವ್ ಆದೇಶದಿಂದ ತೆಗೆದೆ. ಅಂತರ 7 ದಿನ, ಅಂದರೆ ಅದಕ್ಕಿಂತ ಹಳೆಯದೆಲ್ಲ. 3 ಗಂಟೆ 40 ನಿಮಿಷ ಓಡಿ ಅದು 29 ಜಿ.ಬಿ. ಮರಳಿಸಿತು. ಇದು ಅಳಿಸುವುದು ಕಡತವನ್ನು ಮಾತ್ರ. ಮೂಲದ ವಿಳಾಸ ಡೇಟಾಬೇಸಿನಲ್ಲಿ ಉಳಿಯುತ್ತದೆ. ಮುಂದೆ ಯಾರಾದರೂ ಆ ಹಳೆಯ ಪೋಸ್ಟನ್ನು ತೆರೆದರೆ ಸಾಫ್ಟ್‌ವೇರ್ ಆ ಕ್ಷಣಕ್ಕೆ ಮೂಲದಿಂದ ಮತ್ತೆ ತರಿಸಿಕೊಳ್ಳುತ್ತದೆ. ಆದ್ದರಿಂದ ಅಳಿಸಿದ್ದು ಬಹುಮಟ್ಟಿಗೆ ನಷ್ಟವಲ್ಲ. ಮೂಲದ ಸರ್ವರೇ ಮುಚ್ಚಿಹೋಗಿದ್ದರೆ ಮಾತ್ರ ಆ ಚಿತ್ರ ಹೋಯಿತು. ಸ್ವಯಂಸೇವಕರು ನಡೆಸುವ ಸರ್ವರುಗಳು ಮುಚ್ಚುವುದು ಅಪರೂಪವಲ್ಲವಾದ್ದರಿಂದ, ಬೇಕೆನಿಸಿದ ಶಾಸನದ ಚಿತ್ರವನ್ನು ಬರಿದೆ ಗುರುತು ಹಾಕಿಟ್ಟುಕೊಳ್ಳದೆ, ಹಾಕಿದವರನ್ನು ಕೇಳಿ ಇಳಿಸಿಕೊಳ್ಳಿರೆಂದು ಸದಸ್ಯರಿಗೆ ಬರೆದೆ. ಆ ದಿನ ನಿಜವಾಗಿ ಕಳಿಸಿದ ಸೂಚನೆ ಇದೊಂದೇ.

ಮುನ್ನೋಟದ ಚಿತ್ರಗಳಿಗೆ ಬೇರೆಯದೇ ಆದೇಶವಿದೆ, ಅದಕ್ಕೆ 30 ದಿನ ಕೊಟ್ಟೆ. ಇಲ್ಲಿ 14 ದಿನಕ್ಕಿಂತ ಕಡಿಮೆ ಕೊಡುವುದು ಸಲ್ಲದು. ಹದಿನಾಲ್ಕು ದಿನದೊಳಗೆ ಅಳಿಸಿದ ಮುನ್ನೋಟವನ್ನು ಸಾಫ್ಟ್‌ವೇರ್ ತಾನಾಗಿ ಮತ್ತೆ ತರುವುದಿಲ್ಲ, ಅದೇ ಕೊಂಡಿಯನ್ನು ಯಾರಾದರೂ ಆಮೇಲೆ ಇನ್ನೊಮ್ಮೆ ಹಾಕಿದರೆ ಮಾತ್ರ ಬರುತ್ತದೆ.

ಒಡೆದ ಪಟ್ಟಿಚಿತ್ರಗಳ ಪ್ರಾಯಶ್ಚಿತ್ತ ಇನ್ನೂ ಬಾಕಿಯಿತ್ತು. ಮೀಡಿಯಾ ರಿಮೂವ್ ಆದೇಶಕ್ಕೆ ಪ್ರೂನ್ ಪ್ರೊಫೈಲ್ಸ್ ಎಂಬ ಆಯ್ಕೆ ಸೇರಿಸಿದರೆ, ನಮ್ಮಲ್ಲಿ ಯಾರೂ ಹಿಂಬಾಲಿಸದ, ನಮ್ಮವರನ್ನೂ ಹಿಂಬಾಲಿಸದ ಹೊರಗಿನ ಖಾತೆಗಳ ಮುಖಚಿತ್ರ, ಪಟ್ಟಿಚಿತ್ರಗಳನ್ನು ಅದು ತೆಗೆಯುತ್ತದೆ, ಜೊತೆಗೆ ಡೇಟಾಬೇಸಿನ ನಮೂದನ್ನೂ ಸರಿಪಡಿಸುತ್ತದೆ. ಅದನ್ನು ಓಡಿಸಿದಾಗ ಒಡೆದ ಗುರುತುಗಳ ಬಹುಪಾಲು ಮಾಯವಾದವು. ನಾವು ಹಿಂಬಾಲಿಸುವ ಖಾತೆಗಳದ್ದು ಹಾಗೆಯೇ ಉಳಿದವು. ಅವಕ್ಕೆ ಅಕೌಂಟ್ಸ್ ರಿಫ್ರೆಶ್ ಆದೇಶವನ್ನು ಒಂದೊಂದು ಸರ್ವರಿನ ಹೆಸರು ಕೊಟ್ಟು ನಡೆಸಬೇಕಾಯಿತು. ಒಂದೇ ನಿಮಿಷದ ಆರ್‌ಎಂ ಮೂರು ಸಂಜೆಗಳನ್ನು ನುಂಗಿತು.

ಕೊನೆಗೆ ಅನಾಥ ಕಡತಗಳು, ಅಂದರೆ ಡಿಸ್ಕಿನಲ್ಲಿದ್ದು ಡೇಟಾಬೇಸಿನಲ್ಲಿ ನಮೂದಿಲ್ಲದವು. ರಿಮೂವ್ ಆರ್ಫನ್ಸ್ ಆದೇಶವನ್ನು ಮೊದಲು ಡ್ರೈ ರನ್ ಆಗಿ, ಏನನ್ನೂ ಅಳಿಸದೆ, ಓಡಿಸಿ ನೋಡಿದೆ. ಸಿಕ್ಕಿದ್ದು 300 ಎಂ.ಬಿ. ಮಾತ್ರ. ಅಳಿಸಿ ಮುಂದೆ ಹೋದೆ.

ಎರಡು ಬಾಗಿಲು, ಒಂದು ಅಳತೆ

ಏಪ್ರಿಲ್ 20ರಂದು ಎಂಜಿನ್‌ಎಕ್ಸ್ ವೆಬ್ ಸರ್ವರಿನ ಸಂರಚನಾ ಕಡತವನ್ನು ಹೊಸದಾಗಿ ಬರೆದೆ. ಅಂದೇ ಸಂಜೆ ರಾಯಚೂರಿನ ಉಪನ್ಯಾಸಕಿಯೊಬ್ಬರು ಫೋನ್ ಮಾಡಿದರು. "ಅಣ್ಣಾರ, ಸಣ್ಣ ಫೋಟೋ ಹೋಗ್ತಾವ, ದೊಡ್ಡವು ಒಂದೂ ಹೋಗಂಗಿಲ್ರಿ. ಮಸ್ಕಿಯಿಂದ ಬಿಸಿಲಾಗ ಬಂದು ಕುಂತೀನಿ." ಲಾಗ್ ತೆರೆದರೆ ಸಾಲಾಗಿ 413 ಸಂಖ್ಯೆಯ ದೋಷ: ಕಳಿಸಿದ್ದು ಮಿತಿಗಿಂತ ದೊಡ್ಡದು. ವಿನಂತಿಯ ಗರಿಷ್ಠ ಗಾತ್ರ ಹೇಳುವ ಸಾಲನ್ನು ಹೊಸ ಕಡತದಲ್ಲಿ ಬರೆಯಲು ಮರೆತಿದ್ದೆ. ಅದಿಲ್ಲದಿದ್ದರೆ ಎಂಜಿನ್‌ಎಕ್ಸ್ ತನ್ನ ಹುಟ್ಟುಮಿತಿಯಾದ 1 ಎಂ.ಬಿ.ಗೆ ಬಾಗಿಲು ಹಾಕುತ್ತದೆ. ಮಾಸ್ಟೊಡಾನ್ ಒಳಗೆ ಚಿತ್ರಕ್ಕೆ 16 ಎಂ.ಬಿ., ವಿಡಿಯೊಗೆ 99 ಎಂ.ಬಿ. ಮಿತಿಯಿದ್ದರೂ ಹೊರಬಾಗಿಲು ದಾಟದ ಕಡತಕ್ಕೆ ಒಳಗಿನ ಔದಾರ್ಯದಿಂದ ಪ್ರಯೋಜನವಿಲ್ಲ.

ಆ ಸಾಲನ್ನು ಮತ್ತೆ ಬರೆಯುವಾಗ ಎಷ್ಟು ಬರೆಯಬೇಕೆಂಬ ಯೋಚನೆ ಬಂತು. ಜನವರಿಯಲ್ಲಿ ಗವಿಮಠದ ಜಾತ್ರೆಯ ತೇರಿನ ದಿನ ಏಳೆಂಟು ಸದಸ್ಯರು 80, 90 ಎಂ.ಬಿ.ಯ ವಿಡಿಯೊಗಳನ್ನು ಒಟ್ಟಿಗೆ ಏರಿಸಿದ್ದರು. ವಿಡಿಯೊ ಬಂದ ಮೇಲೆ ಸೈಡ್‌ಕಿಕ್ ಎಂಬ ಹಿನ್ನೆಲೆಯ ಕೆಲಸಗಾರ ಎಫ್‌ಎಫ್‌ಎಂಪೆಗ್ ಎಂಬ ಉಪಕರಣದಿಂದ ಅದನ್ನು ಎಲ್ಲ ಫೋನುಗಳಲ್ಲೂ ಆಡುವ ರೂಪಕ್ಕೆ ತರುತ್ತಾನೆ. ಎರಡೇ ಸಿಪಿಯು ಇರುವ ಯಂತ್ರದಲ್ಲಿ ಆ ಸಂಜೆ ಎರಡೂ ಅದರಲ್ಲೇ ಮುಳುಗಿ, ಬರಿಯ ಪಠ್ಯದ ಪೋಸ್ಟುಗಳು ಕೂಡ ಹೊರಗಿನ ಊರು ತಲುಪಲು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದವು. ಸಣ್ಣ ಸರ್ವರಿಗೆ ವಿಡಿಯೊ ಡಿಸ್ಕಿಗಿಂತ ಮೊದಲು ಸಿಪಿಯುವನ್ನು ತಿನ್ನುತ್ತದೆ.

ಮಾಸ್ಟೊಡಾನ್‌ನಲ್ಲಿ ಈ ಗಾತ್ರದ ಮಿತಿಗಳನ್ನು ಬದಲಿಸಲು ಆಡಳಿತ ಪುಟದಲ್ಲಿ ಖಾನೆಯಿಲ್ಲ. ಅವು ಮೀಡಿಯಾ ಅಟ್ಯಾಚ್‌ಮೆಂಟ್ ಎಂಬ, ರೂಬಿ ಭಾಷೆಯಲ್ಲಿ ಬರೆದ ಕಡತದಲ್ಲಿ ಎರಡು ಸಾಲುಗಳಾಗಿ ಕುಳಿತಿವೆ. ಎಂಜಿನ್‌ಎಕ್ಸ್‌ನಲ್ಲಿ ಮಾತ್ರ ಇಳಿಸಿದರೆ ಇನ್ನೊಂದು ತೊಡಕು. ಮೊಬೈಲ್ ಆ್ಯಪ್‌ಗಳು ಸರ್ವರಿನ ಮಿತಿಯನ್ನು ಅದರ ಎಪಿಐ (ಸಾಫ್ಟ್‌ವೇರುಗಳು ಪರಸ್ಪರ ಮಾತನಾಡುವ ದಾರಿ) ಮೂಲಕ ಕೇಳಿ ತಿಳಿಯುತ್ತವೆ. ಮಾಸ್ಟೊಡಾನ್ 99 ಎಂದು ಹೇಳುತ್ತಲೇ ಇರುತ್ತದೆ, ಬಾಗಿಲು ಮಾತ್ರ 40ಕ್ಕೆ ಮುಚ್ಚುತ್ತದೆ, ಸದಸ್ಯನಿಗೆ ಕಾಣುವುದು ಅರ್ಥವಾಗದ ಒಂದು ದೋಷ. ಆದ್ದರಿಂದ ಎರಡೂ ಕಡೆ ಬದಲಿಸಿದೆ. ರೂಬಿ ಕಡತದಲ್ಲಿ ವಿಡಿಯೊ ಮಿತಿ 40 ಎಂ.ಬಿ.; ಎಂಜಿನ್‌ಎಕ್ಸ್‌ನಲ್ಲಿ ಕಡತದ ಜೊತೆ ಬರುವ ಹೊದಿಕೆಗೂ ಜಾಗವಿರಲೆಂದು 45. ಚಿತ್ರದ 16ನ್ನು ಮುಟ್ಟಲಿಲ್ಲ. ಬದಲಾವಣೆಯನ್ನು ಪ್ಯಾಚ್ ಕಡತವಾಗಿ ಉಳಿಸಿಟ್ಟಿದ್ದೇನೆ. ಪ್ರತಿ ಹೊಸ ಆವೃತ್ತಿ ಹಾಕಿದಾಗಲೂ ಅದನ್ನು ಮತ್ತೆ ಹಚ್ಚಬೇಕು. ಮರೆತರೆ ಮಿತಿ ತಾನಾಗಿ 99ಕ್ಕೆ ಮರಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಈ ಒಂದು ಸಂಖ್ಯೆ ಹೊರಗಿನಿಂದ ತರಿಸಿಕೊಳ್ಳುವ ಕಡತಗಳಿಗೂ ಅನ್ವಯಿಸುತ್ತದೆ. 40 ಎಂ.ಬಿ. ಮೀರಿದ ಹೊರಗಿನ ವಿಡಿಯೊ ಈಗ ನಮ್ಮಲ್ಲಿ ನಕಲಾಗುವುದಿಲ್ಲ, ಮೂಲಕ್ಕೆ ಹೋಗುವ ಕೊಂಡಿ ಮಾತ್ರ ಕಾಣುತ್ತದೆ. ನೋಡಬೇಕೆನ್ನುವವರು ಅಲ್ಲಿಗೇ ಹೋಗಿ ನೋಡಬಹುದು.

40 ಎಂ.ಬಿ. ಎಂದರೆ ಎಷ್ಟು ಎಂದು ಹಲವರು ಕೇಳಿದರು. ಫೋನಿನಲ್ಲಿ ಪೂರ್ಣ ಎಚ್‌ಡಿಯಲ್ಲಿ, ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ ಹಿಡಿದ ವಿಡಿಯೊ ಆದರೆ ಸುಮಾರು 20 ಸೆಕೆಂಡ್. ಅದನ್ನೇ 720ಪಿಗೆ ಇಳಿಸಿ 2 ಮೆಗಾಬಿಟ್‌ನಲ್ಲಿ ಹಿಂಡಿದರೆ ಎರಡೂಮುಕ್ಕಾಲು ನಿಮಿಷ. ಧ್ವನಿ ಕಡತಕ್ಕೂ ಇದೇ ಮಿತಿ. ತತ್ವಪದ ಹಾಡಿಸಿ ಹಿಡಿದ 128 ಕೆಬಿಪಿಎಸ್ ಎಂಪಿ3 ಆದರೆ 43 ನಿಮಿಷ ಹಿಡಿಯುತ್ತದೆ. ಭಜನೆಯವರಿಗೆ ತೊಂದರೆಯಿಲ್ಲ, ತೇರಿನವರು ಸ್ವಲ್ಪ ಕತ್ತರಿಸಬೇಕು.

ಅಕ್ಷರ ಉಳಿಯಬೇಕಾದರೆ

ಚಿತ್ರದ ಮಿತಿಯನ್ನು ಏಕೆ ಇಳಿಸಲಿಲ್ಲವೆಂದರೆ, ನಮ್ಮ ಗುಂಪಿನ ಕೆಲಸವೇ ಶಿಲೆಯ ಮೇಲಿನ ಅಕ್ಷರ. ಮಾಸ್ಟೊಡಾನ್ ಎಂಬಿ ಎಷ್ಟೆಂದು ನೋಡುವುದಲ್ಲದೆ ಚಿತ್ರವನ್ನು ಕುಗ್ಗಿಸಲೂ ಮಾಡುತ್ತದೆ. ಈಗಿನ ಆವೃತ್ತಿಯಲ್ಲಿ ಒಂದು ಚಿತ್ರಕ್ಕೆ ಒಟ್ಟು 82,94,400 ಪಿಕ್ಸೆಲ್ ಮಾತ್ರ. 3840ಕ್ಕೆ 2160ರ ಗುಣಲಬ್ಧ ಅದು. ಹಿಂದಿನ ಆವೃತ್ತಿಗಳಲ್ಲಿ ಇದು 1920ಕ್ಕೆ 1080, ಅಂದರೆ ಈಗಿನದರ ಕಾಲುಭಾಗ ಇತ್ತು.

ಇಟಗಿಯ ಮಹಾದೇವ ದೇವಾಲಯದ ಆವರಣದಲ್ಲಿ ಕ್ಯಾಮೆರಾವನ್ನು ನೇರವಾಗಿ ನಿಲ್ಲಿಸಿ ತೆಗೆದ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು; ಎತ್ತರ 6000, ಅಗಲ 4000. ಕುಗ್ಗಿದ ಮೇಲೆ ಎತ್ತರ 3527, ಅಗಲ 2351 ಆಗುತ್ತದೆ. ಚೌಕಟ್ಟಿನ ತುಂಬ 40 ಸಾಲಿನ ಶಾಸನವಿದ್ದರೆ ಒಂದು ಸಾಲಿಗೆ 88 ಪಿಕ್ಸೆಲ್ ಸಿಕ್ಕಿತು. ಸವೆದ ಅಕ್ಷರದಲ್ಲೂ ಒತ್ತಕ್ಷರದ ಬಾಲ ಕಾಣುತ್ತದೆ. ಹಳೆಯ ಮಿತಿಯಲ್ಲಿ ಇದೇ ಚಿತ್ರ ಸಾಲಿಗೆ 44 ಪಿಕ್ಸೆಲ್‌ಗೆ ಇಳಿಯುತ್ತಿತ್ತು. ಆಗ ಓದು ಊಹೆಗೆ ತಿರುಗುತ್ತಿತ್ತು. ರಾಯಚೂರಿನ ಅದೇ ಉಪನ್ಯಾಸಕಿ ಮೂಲ ಚಿತ್ರವನ್ನೇ ಹಾಕುವಂತಾಗಬೇಕೆಂದು ವಾದಿಸಿದರು, ಅವರ ವಾದದಲ್ಲಿ ಹುರುಳಿದೆ. ಪಿಕ್ಸೆಲ್ ಮಿತಿಯನ್ನೂ ರೂಬಿ ಕಡತದಲ್ಲಿ ಏರಿಸಬಹುದಿತ್ತು. ಹಾಗೆ ಮಾಡಲಿಲ್ಲ, ಏಕೆಂದರೆ ನಾವು ಏರಿಸಿದ್ದನ್ನು ನಮ್ಮನ್ನು ಹಿಂಬಾಲಿಸುವವರ ಸರ್ವರುಗಳೂ ಇಳಿಸಿಕೊಳ್ಳಬೇಕು, ಅವೂ ನಮ್ಮಂಥವರೇ ಕೈಯಿಂದ ಹಣ ಹಾಕಿ ನಡೆಸುವಂಥವು. ಅವರು ಇಳಿಸಿಕೊಂಡ ಮೇಲೆ ತಮ್ಮ ಮಿತಿಗೆ ಮತ್ತೆ ಕುಗ್ಗಿಸುತ್ತಾರೆ, ಆದ್ದರಿಂದ ಅವರ ಓದುಗರಿಗೆ ಆ ಹೆಚ್ಚಿನ ವಿವರ ಕಾಣುವುದೂ ಇಲ್ಲ.

ಒಪ್ಪಿಕೊಂಡದ್ದು ಹೀಗೆ. ಶಾಸನವನ್ನು ಒಂದೇ ಚಿತ್ರದಲ್ಲಿ ತುರುಕದೆ, ಒಂದು ಪೋಸ್ಟಿಗೆ ದೊರೆಯುವ ನಾಲ್ಕು ಚಿತ್ರಗಳನ್ನೂ ಬಳಸುವುದು: ಒಂದು ಪೂರ್ತಿ ಕಲ್ಲು, ಉಳಿದ ಮೂರು ಮೇಲಿನ, ನಡುವಿನ, ಕೆಳಗಿನ ಭಾಗಗಳು, ಅಂಚಿನಲ್ಲಿ ಎರಡು ಸಾಲು ಒಂದರ ಮೇಲೊಂದು ಬರುವಂತೆ. ಸಾಲಿಗೆ ಪಿಕ್ಸೆಲ್ ಮೂಲ ಚಿತ್ರದ್ದಕ್ಕೆ ಹತ್ತಿರ ಬರುತ್ತದೆ. ಏರಿಸುವಾಗ ಮಾಸ್ಟೊಡಾನ್ ಚಿತ್ರದೊಳಗಿನ ಸ್ಥಳ, ಸಮಯ, ಕ್ಯಾಮೆರಾದ ಮಾಹಿತಿಯನ್ನೆಲ್ಲ ತೆಗೆದುಹಾಕುತ್ತದೆ. ಮನೆಯಲ್ಲಿ ಕುಳಿತು ಚಿತ್ರ ಹಾಕುವವರಿಗೆ ಅದು ರಕ್ಷಣೆ, ಶಾಸನದ ದಾಖಲೆಗೆ ಅದು ಕೊರತೆ. ಆದ್ದರಿಂದ ಊರು, ಗುಡಿಯ ಯಾವ ದಿಕ್ಕು, ತೆಗೆದ ದಿನ, ಸಾಲುಗಳ ಸಂಖ್ಯೆ ಇವನ್ನು ಚಿತ್ರದ ವಿವರಣೆಯ ಖಾನೆಯಲ್ಲಿ ಬರೆಯುತ್ತೇವೆ. ಅಲ್ಲಿ 1500 ಅಕ್ಷರಗಳಿಗೆ ಅವಕಾಶವಿದೆ. ಕಣ್ಣು ಕಾಣದ ಓದುಗರಿಗೂ ಅದೇ ಖಾನೆ ನೆರವಾಗುತ್ತದೆ. ಮೂಲ ಕಡತ ಹಂಚಲೇಬೇಕೆಂದರೆ, ಮುಕ್ತ ಪರವಾನಗಿಗೆ ಒಪ್ಪುವವರು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ ಕೊಂಡಿ ಕೊಡುತ್ತಾರೆ.

ಬೇರೆ ಕಡೆ ಇಡುವ ಯೋಚನೆ

ಮಾಧ್ಯಮವನ್ನೆಲ್ಲ ಬಾಡಿಗೆಯ ಆಬ್ಜೆಕ್ಟ್ ಸ್ಟೋರೇಜಿಗೆ (ಕಡತಗಳನ್ನಷ್ಟೇ ಇಟ್ಟುಕೊಡುವ ಆನ್‌ಲೈನ್ ಉಗ್ರಾಣಕ್ಕೆ) ಸಾಗಿಸಿದರೆ ಡಿಸ್ಕಿನ ಚಿಂತೆಯೇ ಇರದೆಂದು ಗೆಳೆಯರು ಹೇಳಿದರು. ಜಾಗದ ದರ ಕಡಿಮೆ ಇರುವುದು ನಿಜ. ಆದರೆ ಹಲವು ಕಡೆ ಹೊರಗೆ ಹರಿಯುವ ದತ್ತಾಂಶಕ್ಕೂ ಪ್ರತಿ ವಿನಂತಿಗೂ ಬೇರೆ ದರವಿದೆ. ನಮ್ಮ ಒಬ್ಬ ಸದಸ್ಯರ ಹಿಂಬಾಲಕರು 300 ಸರ್ವರುಗಳಲ್ಲಿ ಹರಡಿದ್ದಾರೆ ಎನ್ನೋಣ. ಅವರು 1.2 ಎಂ.ಬಿ.ಯ ಒಂದು ಚಿತ್ರ ಹಾಕಿದ ಕೆಲವೇ ನಿಮಿಷಗಳಲ್ಲಿ 300 ಸರ್ವರುಗಳೂ ಬಂದು ಒಂದೊಂದು ಪ್ರತಿ ಒಯ್ದರೆ 360 ಎಂ.ಬಿ. ಹೊರಗೆ ಹರಿಯಿತು, ಮನುಷ್ಯರು ಯಾರೂ ಇನ್ನೂ ನೋಡದೆಯೇ. ನಾಲ್ಕು ಚಿತ್ರ ಹಾಕಿದರೆ ನಾಲ್ಕು ಪಟ್ಟು. ನಮ್ಮ ಈಗಿನ ಬಾಡಿಗೆಯಲ್ಲಿ ಹರಿವಿನ ಮೊತ್ತ ಸೇರಿಕೊಂಡಿದೆ, 6.4 ಜಿ.ಬಿ. ಸ್ವಂತ ಮಾಧ್ಯಮಕ್ಕೆ 80 ಜಿ.ಬಿ. ಡಿಸ್ಕ್ ಸಾಕಷ್ಟಾಯಿತು. ಸದ್ಯಕ್ಕೆ ಬೇಡವೆಂದು ಬಿಟ್ಟೆವು.

ಆದರೆ ನಕಲು ಪ್ರತಿ ಬೇಕೇಬೇಕು. ಮನೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ 2 ಟಿ.ಬಿ. ಹಾರ್ಡ್ ಡಿಸ್ಕ್ ಹಾಕಿ, ಪ್ರತಿ ರಾತ್ರಿ 2 ಗಂಟೆಗೆ ಕಡತಗಳನ್ನು ನಕಲಿಸುವ ಆರ್‌ಸಿಂಕ್ ಓಡುವಂತೆ ಮಾಡಿದೆ. ಮಾಸ್ಟೊಡಾನ್ ಹೊರಗಿನವರದ್ದನ್ನು ಕ್ಯಾಶ್ ಎಂಬ ಪ್ರತ್ಯೇಕ ಫೋಲ್ಡರಿನಲ್ಲೇ ಇಡುವುದರಿಂದ ಅದೊಂದನ್ನು ಬಿಟ್ಟು ಉಳಿದದ್ದನ್ನು ತರಿಸಿದರಾಯಿತು. ಜೊತೆಗೆ ಡೇಟಾಬೇಸಿನ ಪ್ರತಿ ಮತ್ತು ಗುಪ್ತ ಕೀಲಿಗಳಿರುವ ಸಂರಚನಾ ಕಡತ. ಆ ಕೀಲಿಗಳಿಲ್ಲದೆ ಡೇಟಾಬೇಸ್ ಇದ್ದರೂ ಎರಡು ಹಂತದ ಲಾಗಿನ್‌ನಂಥವು ಕೆಲಸ ಮಾಡುವುದಿಲ್ಲ.

ಮೊದಲು ಆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದೆ. ಮೇ ಮೊದಲ ವಾರ ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್ ಅದರ ಉಷ್ಣತೆಯನ್ನು 56 ಡಿಗ್ರಿ ಎಂದು ತೋರಿಸಿತು. ಕೊಪ್ಪಳದ ಬೇಸಿಗೆಯಲ್ಲಿ ತಗಡಿನ ಕೆಳಗಿನ ಅಟ್ಟ ಶೇಂಗಾ ಒಣಗಿಸಲು ಒಳ್ಳೆಯದು, ಡಿಸ್ಕಿಗಲ್ಲ. ಕೆಳಗಿಳಿಸಿ ದೇವರ ಕೋಣೆಯ ಪಕ್ಕದ ಗೂಡಿನಲ್ಲಿಟ್ಟೆ. ಅಲ್ಲಿ 44 ದಾಟಿಲ್ಲ. ಕರೆಂಟು ಹೋದಾಗ ಇನ್ವರ್ಟರ್ ಹಿಡಿಯುತ್ತದೆ, ಅದೂ ಇಳಿದರೆ ಆ ರಾತ್ರಿಯ ಆರ್‌ಸಿಂಕ್ ಅರ್ಧಕ್ಕೆ ನಿಂತು ಮರುದಿನ ಉಳಿದದ್ದನ್ನು ಮುಂದುವರಿಸುತ್ತದೆ.

ಜೂನ್ 14

ಡಿಎಫ್ ಈಗ 31 ಜಿ.ಬಿ. ಬಳಕೆ ತೋರಿಸುತ್ತಿದೆ. ಅದರಲ್ಲಿ ಹೊರಗಿನವರ ಪೋಸ್ಟಿನ ಚಿತ್ರ, ವಿಡಿಯೊ ಎಲ್ಲ ಸೇರಿ 220 ಎಂ.ಬಿ. ಬಳಕೆ ಶೇಕಡಾ 75 ದಾಟಿದರೆ ನನ್ನ ಫೋನಿಗೆ ಮೇಲ್ ಬರುವ ಸಣ್ಣದೊಂದು ಸ್ಕ್ರಿಪ್ಟ್ ಬರೆದಿದ್ದೇನೆ.

ಅದರ ಜೊತೆಗೆ ಡಿಸ್ಕಿನಲ್ಲಿ 2 ಜಿ.ಬಿ.ಯ ಒಂದು ಕಡತವನ್ನು ಎಫ್‌ಅಲೊಕೇಟ್ ಆದೇಶದಿಂದ ಸೃಷ್ಟಿಸಿ ಸುಮ್ಮನೆ ಇಟ್ಟಿದ್ದೇನೆ. ಒಳಗೆ ಏನೂ ಇಲ್ಲ. ಡಿಸ್ಕ್ ಮತ್ತೆ ತುಂಬಿ ಡೇಟಾಬೇಸ್ ನಿಂತರೆ ಆ ಕಡತವೊಂದನ್ನು ಅಳಿಸಿದರೆ ಸಾಕು, ಡೇಟಾಬೇಸ್ ಏಳುವಷ್ಟು ಜಾಗವಾಗುತ್ತದೆ. ನಮ್ಮ ಹಿರಿಯರು ಬರಗಾಲಕ್ಕೆಂದು ಜೋಳವನ್ನು ನೆಲದೊಳಗೆ ಮುಚ್ಚಿಡುತ್ತಿದ್ದ ಹಗೇವಿನ ನೆನಪಿಗೆ ಕಡತಕ್ಕೆ ಹಗೇವು ಎಂದೇ ಹೆಸರಿಟ್ಟೆ. ನನ್ನ ಅನಂತರ ಬರುವವರು ಇದನ್ನು ಕಸವೆಂದು ತಿಳಿದು ಅಳಿಸಬಾರದೆಂದು ಪಕ್ಕದಲ್ಲೇ ಒಂದು ಓದಿರಿ ಕಡತವನ್ನೂ ಇಟ್ಟಿದ್ದೇನೆ.

ಬಾಕಿ ಉಳಿದಿರುವುದು ಒಂದು. 2024ರ ಅಕ್ಟೋಬರಿನಲ್ಲಿ ಬಂದ 4.3ನೆಯ ಆವೃತ್ತಿಯಿಂದ ಇಮೇಜ್‌ಮ್ಯಾಜಿಕ್ ಬದಲು ಲಿಬ್‌ವಿಪ್ಸ್ ಬಳಸಲು ಅವಕಾಶವಿದೆ. ಎರಡೂ ಚಿತ್ರ ಸಂಸ್ಕರಿಸುವ ಸಾಫ್ಟ್‌ವೇರುಗಳೇ, ಆದರೆ ಲಿಬ್‌ವಿಪ್ಸ್ ಆದರೆ ಚಿತ್ರ ಕುಗ್ಗಿಸುವಾಗ ಅದು ಮೆಮೊರಿಯನ್ನು ಕಡಿಮೆ ತಿನ್ನುತ್ತದೆ. 4 ಜಿ.ಬಿ.ಯ ಯಂತ್ರಕ್ಕೆ ಅದು ಬೇಕು. ಮುಂದಿನ ಭಾನುವಾರ ಹಾಕಬೇಕೆಂದಿದ್ದೇನೆ. ನಿನ್ನೆ ಗಂಗಾವತಿಯ ಮೇಷ್ಟ್ರು 52 ಎಂ.ಬಿ.ಯ ವಿಡಿಯೊ ಹಾಕಲು ಹೋಗಿ, ಮಿತಿ 40 ಎಂದು ಆ್ಯಪ್ ಹೇಳಿದ್ದನ್ನು ಚಿತ್ರ ತೆಗೆದು ಕಳಿಸಿದರು. ಕೆಳಗೆ ಒಂದು ಸಾಲು: "ಈ ಸಲ ನನ್ನ ಫೋನೂ ಕೆಟ್ಟಿಲ್ಲ, ನಿಮ್ಮ ಡಬ್ಬಿನೂ ತುಂಬಿಲ್ಲ, ಕತ್ರಿ ಎಲ್ಲೈತಿ ಹೇಳ್ರಿ." ವಿಡಿಯೊ ಕತ್ತರಿಸುವ ಗುಂಡಿ ಎಲ್ಲಿದೆಯೆಂದು ತೋರಿಸಿದೆ.